ಹತ್ತಿದವರ ಲೆಕ್ಕ

"ಟೇಸನ್ನಲ್ಲಿ ಯಾರೋ ಕೋಟಿನೋರು ಕುರಿ ಎಣಿಸ್ದಂಗೆ ನನ್ನ ಎಣಿಸ್ಕೊಂಡ್ರು ಕಣಕ್ಕಾ," ಎಂದು ಹಾಸನದಲ್ಲಿ ಸೊಪ್ಪು ಮಾರಿ ಬಂದ ಮಾಯಮ್ಮ ನನ್ನ ಹತ್ತಿರ ದೃಷ್ಟಿ ತೆಗೆಸಿಕೊಂಡ ದಿನವೇ ಶಾಲೆಯಿಂದ ನಿವೃತ್ತರಾಗಿ ನಮ್ಮೂರಿಗೆ ಬಂದು ನೆಲೆಸಿದ ತಿರುನಾರಾಯಣ ಮೇಷ್ಟ್ರ ಸಂಗತಿ ಮೊದಲು ನನ್ನ ಕಿವಿಗೆ ಬಿದ್ದದ್ದು.

ಹೊಳೆನರಸೀಪುರಕ್ಕೂ ಹಾಸನಕ್ಕೂ ನಡುವಿನ ನಮ್ಮ ಪುಟ್ಟ ರೈಲು ನಿಲ್ದಾಣದಲ್ಲಿ ಮರುದಿನ ನಾನೇ ಕಂಡೆ: ಬೇಸಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು, ಜಲ್ಲಿಯ ಮೇಲೆ ಎಡಗಾಲು ಎಳೆದುಹಾಕುವ ನಡಿಗೆ, ಗಾಲಿ ಪೂರ್ತಿ ನಿಂತ ಮೇಲೆಯೇ ಗಡಿಯಾರ ನೋಡಿ, ಹತ್ತಿದವರನ್ನು ತೋರುಬೆರಳಿನಿಂದ ಎಣಿಸಿ, ಎರಡನ್ನೂ ಪುಸ್ತಕದಲ್ಲಿ ಬರೆದಿಡುವ ವ್ರತ. ಗಾಡಿ ಕಾಲುಗಂಟೆ ತಡ ಎಂದು ನಾನು ಒಮ್ಮೆ ಬಾಯ್ತಪ್ಪಿ ಅಂದೆ.

"ಹದಿನೇಳು ನಿಮಿಷ, ಲಕ್ಕಮ್ಮ. ಆ ಎರಡು ನಿಮಿಷ ಯಾರ್ದು ಹಾಗಾದ್ರೆ?"

ಅಲ್ಲಿಂದ ಹೀಗೆ ಹನ್ನೊಂದು ವರ್ಷದ ಪುಸ್ತಕಗಳು. ಮೊದಮೊದಲು ಬೆಳಗಿನ ಗಾಡಿ ಐದಾರು ನಿಮಿಷ ತಡ, ಹತ್ತುವವರು ಅರವತ್ತರ ಮೇಲೆ. ಬರಬರುತ್ತಾ ತಡ ಅರ್ಧ ಗಂಟೆ ಮುಟ್ಟಿತು, ಒಂಬತ್ತಕ್ಕೆ ಗೇಟು ಮುಚ್ಚುವ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಬಸ್ಸು ಹಿಡಿದರು, ಹತ್ತುವವರು ಇಪ್ಪತ್ತಕ್ಕೆ ಇಳಿದರು. ಜನವಿಲ್ಲ, ನಿಲುಗಡೆ ರದ್ದು ಮಾಡುತ್ತೇವೆ ಎಂದು ರೈಲ್ವೆಯ ಮೇಲಿನವರು ಹೇಳಿ ಕಳಿಸಿದಾಗ ಮೇಷ್ಟ್ರ ವಾದ ಒಂದೇ: ಮೊದಲು ಹೊತ್ತು ತಪ್ಪಿತು, ಆಮೇಲೆ ಜನ ತಪ್ಪಿದರು.

ಅಧಿಕಾರಿ ನೋಡಲು ಬರುವ ದಿನ, ನಿಲುಗಡೆ ಉಳಿಸಿಕೊಳ್ಳಲೇಬೇಕೆಂದು ಊರಿಗೆ ಊರೇ ಒಳ್ಳೆಯ ಬಟ್ಟೆ ಉಟ್ಟು ಹೋಗಿ ನಿಂತೆವು. ಗಾಡಿ ಬಂತು, ನಿಂತಿತು, ಹೊರಟಿತು. ದಿನಾ ಹೋಗುವವರಷ್ಟೇ ಹತ್ತಿದರು; ನಾವೂ ಹತ್ತಬೇಕೆಂಬುದು ಉಳಿದವರಿಗೆ ಹೊಳೆಯಲೇ ಇಲ್ಲ, ಕೈಮುಗಿದು ಕಳಿಸಿಕೊಟ್ಟೆವು. ಮೇಷ್ಟ್ರು ಪುಸ್ತಕ ಬಿಚ್ಚಿದರು. ಅವರ ಕಿವಿಗೆ ಪಂಚಾಯಿತಿ ಮೆಂಬರು ಪರಮೇಶ್ ಬಾಗಿದ.

"ಇನ್ನೂರು ಅಂತ ಬರ್ದ್ಬುಡಿ ಸಾ. ನಮ್ಮೂರ್ದೇ ಅಲ್ವಾ?"

ಅವರು ಹತ್ತೊಂಬತ್ತು ಎಂದು ಬರೆದು, ಪುಸ್ತಕವನ್ನು ಅಧಿಕಾರಿಯ ಕೈಗೇ ಇಟ್ಟರು. ಊರು ಬಾಯಿಗೆ ಬಂದಂತೆ ಬೈಯಿತು, ನಾನೂ ಬೈದೆ. ಆದರೆ ಅಂಥ ದಿನವೂ ಸುಳ್ಳು ಬರೆಯದವರ ಹಳೆಯ ಪುಟಗಳನ್ನು ಆ ಅಧಿಕಾರಿ ಕೂತು ಓದಿದರು, ನಂಬಿದರು. ಗಾಡಿಯನ್ನು ಹೊತ್ತಿಗೆ ಓಡಿಸಿ, ಜನ ಮರಳುತ್ತಾರೋ ನೋಡಲು ಒಂದು ವರ್ಷದ ಗಡುವು ಸಿಕ್ಕಿತು.

ಆ ವರ್ಷದಲ್ಲಿ ಮೂರು ತಿಂಗಳು ಕಳೆಯುವಷ್ಟರಲ್ಲಿ ಮೇಷ್ಟ್ರು ಹಾಸಿಗೆ ಹಿಡಿದರು. ತಮ್ಮವರಿಗಾಗಿಯೂ ಒಂದು ತಲೆ ಹೆಚ್ಚಿಗೆ ಎಣಿಸದ ಇಂಥವರ ಪ್ರೀತಿ ಮೊದಲಿಗೆ ಹಗೆಯ ಹಾಗೆಯೇ ಕಾಣುತ್ತದೆ. ಅದರ ಉಪಕಾರ ಮನೆ ಬಾಗಿಲಿಗೆ ಬಂದು ನಿಂತ ಮೇಲೂ ಗುರುತು ಹಿಡಿಯಲು ನಮಗೆ ಹೊತ್ತು ಬೇಕಾಗುತ್ತದೆ. ಅಂಕಿ ಬಿಟ್ಟರೆ ಹೆಚ್ಚು ಬರೆಯಲು ಬಾರದ ನನ್ನ ಕೈಗೆ ಪುಸ್ತಕ ಕೊಟ್ಟು ಅವರು ಕೇಳಿಕೊಂಡದ್ದು ಇಷ್ಟೇ:

"ಬರೀ ಎಣಿಸೋಕೆ ಹೋದ ದಿನ ನಿಮ್ಮನ್ನ ಸೇರಿಸ್ಕೋಬೇಡಿ, ಲಕ್ಕಮ್ಮ. ಹತ್ತಿದ ದಿನ ಬಿಡ್ಬೇಡಿ."