ಜೇಬಿನಲ್ಲಿದ್ದ ನೀಲಿ ಡಿಸ್ಕ್

ಶವಪೆಟ್ಟಿಗೆಯ ಮುಚ್ಚಳ ಹಾಕಲು ಬಂದವನನ್ನು ಎಮಿಲ್ ಕೈ ಅಡ್ಡ ಹಿಡಿದು ತಡೆದ. "ಒಂದ್ನಿಮಿಷ ಇರಪ್ಪಾ," ಎಂದು ತನ್ನ ಕೋಟಿನಿಂದ ನೀಲಿ ಫ್ಲಾಪಿ ಡಿಸ್ಕೊಂದನ್ನು ತೆಗೆದು ಬಾವ ವೆಂಡೆಲ್ಲನ ಅಂಗಿಯ ಜೇಬಿಗೆ ತುರುಕಿದ. ಡಿಸ್ಕ್ ಎರಡು ಸಲ ಜಾರಿತು.

"ಏನ್ ಮಾವಾ ಅದು?" ಎಂದಳು ಲೊರೆಟ್ಟಾ. ಅವಳು ಸತ್ತವನ ಮಗಳು.

"ಆಸ್ಪತ್ರೆಯವರು ಕನ್ನಡಕದ ಜೊತೆ ನನ್ನ ಕೈಗೆ ಕೊಟ್ಟಿದ್ದು. ಕುಸಿದು ಬಿದ್ದಾಗ್ಲೂ ಜೇಬಲ್ಲೇ ಇತ್ತಂತೆ. ಇದಿಲ್ದೆ ನಿಮ್ಮಪ್ಪನ್ನ ಯಾರಾದ್ರೂ ನೋಡಿದಾರೇನಮ್ಮಾ?"

ಹಿಂದೆ ನಿಂತಿದ್ದ ಓಟಿಸ್ ಮೂಗು ಒರೆಸಿಕೊಂಡ. ಅಮಿಗಾ ಎಂಬ ಹಳೇ ಕಂಪ್ಯೂಟರಿನ ಅಭಿಮಾನಿಗಳು ಈರಿ ಪಟ್ಟಣದಲ್ಲಿ ಕಟ್ಟಿದ್ದ ಕೂಟದಲ್ಲಿ ಕೊನೆಗೆ ಉಳಿದಿದ್ದವರು ಅವನು ಮತ್ತು ವೆಂಡೆಲ್. ಈಗ ಅವನೊಬ್ಬನೇ ಕೂಟ. "ಒಳ್ಳೇ ಕೆಲಸ ಮಾಡ್ದೆ ಎಮಿಲ್. ಆದ್ರೆ ನೀನು ಮಾಡ್ತೀಯ ಅಂದ್ಕೊಂಡಿರ್ಲಿಲ್ಲ," ಎಂದ.

ಎಮಿಲ್ ತಾನೂ ಅಂದುಕೊಂಡಿರಲಿಲ್ಲ. ಬೆಳಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೂವಿನ ಬುಟ್ಟಿಗಳನ್ನು ಸರಿಸಿದ, ನೆಟ್ಟಗೇ ಇದ್ದ ಕುರ್ಚಿಗಳನ್ನು ಮತ್ತೆ ನೆಟ್ಟಗೆ ಮಾಡಿದ, ಆಗಾಗ ಹೊರಗೆ ಹೋಗಿ ಸರೋವರದ ಗಾಳಿಗೆ ಮುಖ ಕೊಟ್ಟು ಬಂದ. ಯಾರಾದರೂ ಏನಾದರೂ ಅನ್ನಬೇಕಿತ್ತು, ತಾನು ತಿರುಗಿಸಿ ಅನ್ನಬೇಕಿತ್ತು. ಆದರೆ ಬಂದವರೆಲ್ಲ ಬರೀ ಕೈಹಿಡಿದು ತಲೆ ತಗ್ಗಿಸಿ ಹೋಗುತ್ತಿದ್ದರು.

*

ವೆಂಡೆಲ್ ಬದುಕಿದ್ದಾಗ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿ ಕತ್ತರಿಸುವ ಮೊದಲೇ ಅವನಿಗೂ ಎಮಿಲ್‌ಗೂ ಜಗಳ ಹತ್ತಿಕೊಳ್ಳುತ್ತಿತ್ತು. ಎಮಿಲ್ ವಿಮಾ ಕಚೇರಿಯವನು, ಊರೆಲ್ಲ ಬಳಸುವ ಕಂಪ್ಯೂಟರನ್ನೇ ಬಳಸುವವನು. ವೆಂಡೆಲ್ ಶಾಲೆಯ ಬಸ್ಸಿನ ಚಾಲಕ. ಸಂಜೆಯಾದರೆ ನೆಲಮಾಳಿಗೆಗೆ ಇಳಿದು ಆ ಅಮಿಗಾದ ಮುಂದೆ ಕೂರುತ್ತಿದ್ದ.

"ಅದು ಆಟದ ಸಾಮಾನು ಬಾವ. ಬಸ್ಸಿನ ಹುಡುಗರಿಗೆ ಕೊಟ್ಬಿಡು."

"ನಿನ್ನ ಮಗಳ ಮದುವೆ ವಿಡಿಯೊದಲ್ಲಿ ಹೆಸರು ತೇಲಿ ಬಂತಲ್ಲ, ಯಾವ ಆಟದ ಸಾಮಾನಿಂದ ಬಂತಯ್ಯಾ?"

"ಅದಕ್ಕೆ ಪ್ರೋಗ್ರಾಮ್‌ಗಳೇ ಸಿಗಲ್ಲ."

"ನಂಗೆ ಬೇಕಾದ್ದು ಆರು. ಆರೂ ಇದಾವೆ. ನಿಂಗೆ ಸಾವಿರ ಸಿಗುತ್ತಲ್ಲ, ಎಷ್ಟು ಮುಟ್ಟಿದೀಯ?"

"ಕಂಪನಿಯೇ ಮುಚ್ಚಿಹೋಯ್ತು ಮಾರಾಯಾ!"

"ನಮ್ಮಪ್ಪನೂ ಹೋದ. ಅವನು ಕಟ್ಟಿದ ಮನೇಲೇ ಕೂತು ಟರ್ಕಿ ತಿಂತಿದೀಯಲ್ಲ?"

ವೆಂಡೆಲ್ಲನ ಹೆಂಡತಿ, ಅಂದರೆ ಎಮಿಲ್‌ನ ಅಕ್ಕ, ಬದುಕಿದ್ದಷ್ಟು ಕಾಲ ಇಬ್ಬರ ತಟ್ಟೆಗೂ ಆಲೂಗಡ್ಡೆ ಬಡಿಸಿ ಬಾಯಿ ಮುಚ್ಚಿಸುತ್ತಿದ್ದಳು. ಅವಳು ಹೋದ ಮೇಲೆ ಮುಚ್ಚಿಸುವವರಿಲ್ಲದೆ ಜಗಳ ಹಬ್ಬದ ದಿನಕ್ಕೆ ನಿಲ್ಲದೆ ಭಾನುವಾರಗಳಿಗೂ ಹಬ್ಬಿತು. ಒಂದು ಭಾನುವಾರ ನೆಲಮಾಳಿಗೆಗೆ ಇಳಿದ ಎಮಿಲ್‌ಗೆ ಟಿಕ್, ಟಿಕ್ ಎಂಬ ಸದ್ದು ಕೇಳಿಸಿತು. ಅವನಿಗೆ ಹಿಗ್ಗೋ ಹಿಗ್ಗು.

"ನೋಡು, ಕೊನೆಗೂ ಕೆಟ್ಟಿತು!"

"ಕೆಟ್ಟಿಲ್ಲ ಕಣೋ. ಹೊಟ್ಟೆ ಖಾಲಿ ಇದ್ರೆ ಹಂಗೇ ಅದು. ಡಿಸ್ಕ್ ಬಂತಾ, ಬಂತಾ ಅಂತ ಕೇಳ್ತಾ ಇರುತ್ತೆ. ನಿಂದು ಗುಮ್ಮನ ಥರ ಕೂತಿರುತ್ತೆ, ಬೇಕು ಬೇಡ ಒಂದೂ ಹೇಳಲ್ಲ." ವೆಂಡೆಲ್ ಜೇಬಿನಿಂದ ನೀಲಿ ಡಿಸ್ಕ್ ತೆಗೆದು ಒಳಗೆ ಹಾಕಿದ. ಸದ್ದು ನಿಂತಿತು.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಊಟ. ಎಲೆಕೋಸು ಹಾಕಿದ ನೂಡಲ್ಸ್ ಎಮಿಲ್‌ನ ತಟ್ಟೆಯಲ್ಲಿ ತಣ್ಣಗಾಗುತ್ತಿತ್ತು. ಎದುರಿಗೆ ಲೊರೆಟ್ಟಾಳ ಗಂಡ ಗ್ರಾಂಟ್ ಮನೆ ಖಾಲಿ ಮಾಡುವ ಮಾತು ತೆಗೆದ.

"ನಾಳೆ ಗುಜರಿಯವರು ಬರ್ತಾರೆ. ನೆಲಮಾಳಿಗೇಲಿರೋ ಆ ಕಂಪ್ಯೂಟರೂ ಹೋಗ್ಲಿ. ಆಟದ ಸಾಮಾನು, ಯಾರಿಗ್ ಬೇಕು?"

ಎಮಿಲ್‌ನ ಫೋರ್ಕು ನಿಂತಿತು. "ನಿಮ್ಮ ಮದುವೆ ವಿಡಿಯೊದಲ್ಲಿ ಹೆಸರು ಮೂಡಿಸಿದ್ದು ಯಾವುದು ಅಂದ್ಕೊಂಡಿದೀಯ?"

"ಅದು ಆವಾಗಿನ ಮಾತು. ಕಂಪನಿಯೇ ಇಲ್ಲ ಈಗ."

"ನಮ್ಮ ಬಾವನೂ ಇಲ್ಲ ಈಗ. ಹಂಗಂತ ಮನೇನೂ ಗುಜರಿಗೆ ಹಾಕ್ತೀಯಾ?" ಎಮಿಲ್‌ನ ದನಿ ಏರಿತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು.

ಓಟಿಸ್ ಕಣ್ಣರಳಿಸಿದ. "ಯಾವಾಗಯ್ಯಾ ಪಕ್ಷ ಬದಲಾಯಿಸ್ದೆ?"

"ನೀನು ಸುಮ್ನಿರು," ಎಂದ ಎಮಿಲ್. ಇಷ್ಟು ವರ್ಷ ಒಪ್ಪದ ಮಾತುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಅವುಗಳಲ್ಲಿ ಒಂದನ್ನಾದರೂ, ಒಂದೇ ಒಂದು ಸಲ, ಹೌದು ಬಾವ ಎಂದಿದ್ದರೆ ಗಂಟೇನು ಹೋಗುತ್ತಿತ್ತು? ನೀರು ಕುಡಿದ. "ನಂಗ್ ಬೇಕು ಅದು. ನಾನು ಒಯ್ತೀನಿ."

"ಒಯ್ದು ಏನ್ ಮಾಡ್ತೀಯ ಮಾವಾ? ಅದೂ ಕೆಟ್ಟಿದೆಯೋ ಏನೋ," ಎಂದಳು ಲೊರೆಟ್ಟಾ. "ಅಪ್ಪ ಹೋದಾಗಿಂದ ಕೆಳಗೆ ಏನೋ ಟಿಕ್ ಟಿಕ್ ಅಂತಾನೇ ಇದೆ. ಮನೆ ಬೆಚ್ಚಗಿಡೋ ಬಾಯ್ಲರ್ ಇರ್ಬೇಕು ಅಂತ ರಿಪೇರಿಯವನಿಗೂ ಹೇಳಿದೀವಿ. ಅಪ್ಪ ಬಿದ್ದ ಜಾಗ ಅಂತ ಆಮೇಲೆ ನಾವ್ಯಾರೂ ಕೆಳಗಿಳಿದಿಲ್ಲ."

ಎಮಿಲ್ ಎದ್ದ ರಭಸಕ್ಕೆ ಕಾಫಿ ಲೋಟ ಉರುಳಿತು.

*

ವೆಂಡೆಲ್ಲನ ನೆಲಮಾಳಿಗೆಯಲ್ಲಿ ಪರದೆ ಬೆಳಗುತ್ತಿತ್ತು. ಎಮಿಲ್‌ನ ಹಿಂದೆಯೇ ಓಟಿಸ್, ಗ್ರಾಂಟ್ ಇಳಿದು ಬಂದರು. ಬಿಳಿಯ ಹಿನ್ನೆಲೆಯ ಮೇಲೆ ಒಂದು ಕೈ, ಆ ಕೈಯಲ್ಲಿ ಒಂದು ಡಿಸ್ಕ್. ಡಿಸ್ಕ್ ಹಾಕು ಎಂದು ಕೇಳುವ ಚಿತ್ರ ಅದು. ಕುರ್ಚಿ ಪಕ್ಕಕ್ಕೆ ತಿರುಗಿತ್ತು. ವೆಂಡೆಲ್ ಸ್ವಿಚ್ ಹಾಕಿದ್ದ, ಜೇಬಿಗೆ ಕೈ ಹಾಕುವಷ್ಟರಲ್ಲಿ ಬಿದ್ದಿದ್ದ.

ಟಿಕ್.

"ಅಯ್ಯೋ ದೇವರೇ," ಎಂದ ಎಮಿಲ್. "ಆ ಡಿಸ್ಕನ್ನ ನಾನೇ ಮಣ್ಣಿಗೆ ಹಾಕಿ ಬಂದೆನಲ್ಲೋ ಓಟಿಸ್."

"ಅದರ ಪ್ರತಿಗಳು ಇದಾವೆ ಬಿಡು. ಅಲ್ಲಿ ಡಬ್ಬಿ ತುಂಬಾ ಇದಾವೆ ನೋಡು," ಎಂದು ಓಟಿಸ್ ಮೆಲ್ಲಗೆ ಹೇಳಿದ. ಎಮಿಲ್ ಡಬ್ಬಿಯ ಕಡೆ ನೋಡಲಿಲ್ಲ.

ಗ್ರಾಂಟ್ ಮುಂದೆ ಬಂದ. "ಆರಿಸ್ಬಿಡ್ಲಾ ಮಾವಾ? ಸದ್ದು ನಿಲ್ಲುತ್ತೆ."

"ಮುಟ್ಟಬೇಡ. ಕೆಟ್ಟಿಲ್ಲ ಅದು. ಕೇಳ್ತಾ ಇದೆ."

ಎಮಿಲ್ ಕುರ್ಚಿಯನ್ನು ನೇರ ಮಾಡಿ ವೆಂಡೆಲ್ಲನ ಜಾಗದಲ್ಲಿ ಕುಳಿತ. ಪರದೆಯ ಮೇಲಿನ ಕೈ ಡಿಸ್ಕ್ ಹಿಡಿದೇ ಇತ್ತು. ಟಿಕ್ ಎಂದಿತು. ಎಮಿಲ್‌ನ ಬಲಗೈ ತಾನಾಗಿ ಎದ್ದು ಅಂಗಿಯ ಜೇಬಿಗೆ ಹೋಯಿತು, ಖಾಲಿ ಜೇಬಿನೊಳಗೆ ಬೆರಳಾಡಿಸಿತು, ಅಲ್ಲೇ ಉಳಿಯಿತು.