ಮೂರೇ ಕಾಲಿನ ಮೊಲ

ಬೀಜ ಬ್ಯಾಂಕಿನಲ್ಲಿ ಅವಳನ್ನು ಎಲ್ಲರೂ ಬೀಜಮ್ಮ ಅಂತಲೇ ಕರೆಯೋದು. ಹಳೇ ತಳಿಯ ಬೀನ್ಸ್ ಕಾಳುಗಳನ್ನು ಒದ್ದೆ ಕಾಗದದ ಮೇಲೆ ಸಾಲಾಗಿ ಮಲಗಿಸಿ, ಸುರುಳಿ ಸುತ್ತಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ವಾರ ಬಿಟ್ಟು ಬಿಚ್ಚಿ ನೋಡೋದು ಅವಳ ಕೆಲಸ. ಮೊಳೆತರೆ ತಳಿ ಬದುಕಿದೆ ಅಂತ ಲೆಕ್ಕ. ಮಿಕ್ಕ ಕಾಳುಗಳು ಚಳಿಕೋಣೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಯಾರ್ಯಾರದೋ ಅಮ್ಮಂದಿರು ಬೆಳೆದ ಕಾಳೆಲ್ಲ ಆ ಕೋಣೆಯಲ್ಲಿತ್ತು, ಅವಳ ಅಮ್ಮನದು ಮಾತ್ರ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ.

ಅಮ್ಮನ ಕಾಳಿಗೆ ಮನೆಯವರಿಟ್ಟ ಹೆಸರು ಮಚ್ಚೆಕಾಳು. ಹಾಲಿನಂಥ ಬಿಳುಪು, ಒಂದು ಬದಿಗೆ ಕರೀ ಮಚ್ಚೆ. ಬೇರೆ ಯಾರ ಬೇಲಿಯಲ್ಲೂ ಅದು ಇರಲಿಲ್ಲ. "ಬ್ಯಾಂಕಿಗೆ ಕೊಡಮ್ಮ" ಅಂದಾಗೆಲ್ಲ ಅಮ್ಮ, "ನನ್ನ ಬೇಲಿಗಿಂತ ದೊಡ್ಡ ಬ್ಯಾಂಕಾ ನಿಮ್ಮದು?" ಅಂತಿದ್ದಳು. ಹಟ ಅಂದ್ರೆ ಹಟ. ಬೀಜಮ್ಮನ ಅಕ್ಕನಿಗೆ ಮಗು ಹುಟ್ಟಿದಾಗ ಅಮ್ಮ ಅದೇ ಕಾಳು ತುಂಬಿ ಬಟ್ಟೆಯ ಮೊಲ ಹೊಲಿದಳು. ಬಟ್ಟೆ ಸಾಲದೆ ಒಂದು ಕಾಲು ಕಡಿಮೆ ಬಿತ್ತು. ಎಲ್ಲರೂ ನಕ್ಕರೆ, "ನಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಅಂತ ಗಂಭೀರವಾಗಿ ಹೇಳಿ ತೊಟ್ಟಿಲಲ್ಲಿಟ್ಟಳು.

ಕೊನೇ ವರ್ಷ ಮಂಡಿ ಕೈಕೊಟ್ಟಿತು. ಮುಂದಿನ ಸಲ ಬಿತ್ತೋಕಾಗಲ್ಲ ಅಂತ ಗೊತ್ತಾದಾಗ ಅಮ್ಮನ ಹಟವೂ ಸ್ವಲ್ಪ ಮೆತ್ತಗಾಯಿತು. ಫೋನಿನಲ್ಲಿ, "ನಿಮ್ಮಲ್ಲಿ ಕಾಳನ್ನ ಹೇಗೆ ಇಡ್ತೀರೇ?" ಅಂತ ಕೇಳಿದಳು. ಬೀಜಮ್ಮನಿಗೆ ಆಗ ಕೈತುಂಬ ಕೆಲಸ. "ಚಳಿಗಿಡ್ತೀವಮ್ಮ, ನೂರು ವರ್ಷ ಬಾಳುತ್ತೆ" ಅಂದು ಫೋನಿಟ್ಟಳು.

ಅಮ್ಮ ಹೋದ ಮೇಲೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸ್ ಟ್ರೇ ಪಕ್ಕ, ಡಬ್ಬಿ ಸಿಕ್ಕಿತು. ಬಳ್ಳಿಯಿಂದ ಬಿಡಿಸಿದ ಹಸಿಕಾಳು, ಹಾಗೇ ಕಲ್ಲಾಗಿತ್ತು. ನೀರಿನ ಪಸೆಯಿರುವ ಕಾಳು ಹೆಪ್ಪುಗಟ್ಟಿದರೆ ಒಳಗಿನ ಜೀವ ಒಡೆದುಹೋಗುತ್ತೆ, ಇದು ಬ್ಯಾಂಕಿನ ಮೊದಲ ಪಾಠ. ಮಗಳ ಮಾತು ನಂಬಿ ಚಳಿಯೇ ಎಲ್ಲ ನೋಡಿಕೊಳ್ಳುತ್ತೆ ಅಂದುಕೊಂಡಿದ್ದಳು ಅಮ್ಮ, ಪಾಪ. ಬೀಜಮ್ಮನಿಗೆ ಮುಟ್ಟಿದಾಗಲೇ ಗೊತ್ತಾಯಿತು. ಆದರೂ ಅರ್ಧ ಕಾಳು ಸುರುಳಿ ಸುತ್ತಿಟ್ಟಳು. ವಾರದ ಮೇಲೆ ಬಿಚ್ಚಿದರೆ ಬರೀ ಲೋಳೆ, ಕೊಳೆತ ವಾಸನೆ. ಸಿಂಕಿನ ಮುಂದೆ ನಿಂತು ಅತ್ತುಬಿಟ್ಟಳು. ಮಿಕ್ಕರ್ಧವನ್ನು ಎಸೆಯೋಕೆ ಕೈ ಬರಲಿಲ್ಲ. ಒಣಗಿಸುವ ಕೋಣೆಯ ಮೂಲೆಯಲ್ಲಿ ಒಂದು ತಟ್ಟೆಗೆ ಹರಡಿದಳು, ಸತ್ತದ್ದು ಗೊತ್ತಿದ್ದೂ.

ಆಮೇಲೆ ನೆನಪಾಗಿದ್ದು ಮೊಲ.

ಅಕ್ಕನ ಮಗಳು ಈಗ ಶಾಲೆಗೆ ಹೋಗುವಷ್ಟು ದೊಡ್ಡವಳು, ಗೊಂಬೆ ಅವಳಿಗೆ ಬೇಡ. ಆದರೆ ಮೊಲ ಅಕ್ಕನ ದಿಂಬಿನ ಪಕ್ಕದಲ್ಲೇ ಮಲಗಿತ್ತು.

"ಹೊಟ್ಟೆ ಕೊಯ್ಯಬೇಕು ಅಂತೀಯಾ?" ಅಂದಳು ಅಕ್ಕ. ಮೊಲವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

"ಹೊಲಿಗೆ ಬಿಚ್ಚಿದ್ರೆ ಸಾಕು. ಹುಳ ಬೀಳಬಾರದು ಅಂತ ಅಮ್ಮ ಅವತ್ತು ವಾರಗಟ್ಟಲೆ ಒಣಗಿಸಿದ್ದಳು. ಒಂದೆರಡಾದ್ರೂ ಜೀವ ಹಿಡಿದಿರಬಹುದು."

"ಹಿಡಿದಿರದಿದ್ರೆ?"

ಬೀಜಮ್ಮ ಸುಳ್ಳು ಹೇಳಲಿಲ್ಲ. "ಆಗ ಕಾಳೂ ಇಲ್ಲ, ಹೊಲಿಗೆಯೂ ಇಲ್ಲ."

"ಎತ್ತಿಕೊಂಡ್ರೆ ಅಮ್ಮ ಕೈ ಇಟ್ಟ ಹಾಗಿರುತ್ತೆ ಕಣೇ, ಇದರ ಭಾರ," ಅಂದಳು ಅಕ್ಕ. ಕೊನೆಗೆ ಅಕ್ಕನೇ ಎದ್ದು ಚಿಕ್ಕ ಕತ್ತರಿ ತಂದು, ಅಮ್ಮನ ನೂಲನ್ನು ಒಂದೊಂದೇ ಎಳೆ ಬಿಡಿಸಿದಳು. ತಂಗಿಯ ಕೈಗೆ ಕೊಡಲಿಲ್ಲ.

ಮೊಲದ ಕಾಳನ್ನೂ ಸುರುಳಿ ಸುತ್ತಿಟ್ಟು, ವಾರದ ಮೇಲೆ ಬೀಜಮ್ಮ ಬಿಚ್ಚಿದಳು. ಬಹುಪಾಲು ಕಾಳು ಹಾಗೇ ಬಿದ್ದಿದ್ದವು. ನಾಲ್ಕೈದು ಮಾತ್ರ ಬಾಗಿದ ಬಿಳೀ ಬೇರು ಬಿಟ್ಟಿದ್ದವು. ಅವು ಸಾಕು. ಕುಂಡಕ್ಕಿಳಿಸಿದಳು, ಎಲೆ ಬಂತು, ಬಳ್ಳಿ ಕೋಲು ಹಿಡಿಯಿತು.

ಅವತ್ತೇ ಮೊಲವನ್ನು ಮತ್ತೆ ಹೊಲಿದು, ತಗೊಂಡು ಅಕ್ಕನ ಮನೆಗೆ ಹೋದಳು. ಅಕ್ಕ ಎತ್ತಿ ತೂಗಿ ನೋಡಿದಳು. ಅದೇ ಭಾರ.

"ಏನು ತುಂಬಿದ್ದೀಯ?"

"ಅಮ್ಮ ಚಳಿಗೆ ಹಾಕಿದ ಕಾಳಲ್ಲಿ ಮಿಕ್ಕಿದ್ದು. ಹೇಗೂ ಮೊಳೆಯಲ್ಲ. ಇಲ್ಲೇ ಇರಲಿ ಅಂತ."

ಅಕ್ಕ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಅಮ್ಮನ ಹೊಲಿಗೆಗಿಂತ ಕಡೆ ನಿಂದು," ಅಂದು ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಕೇಳಿದಳು, "ಬಳ್ಳಿ ಕಾಯಿ ಬಿಟ್ಟ ಮೇಲೆ ನನಗೂ ಒಂದು ಹಿಡಿ ಕೊಡೇ. ನಾನೂ ಫ್ರಿಜ್ಜಲ್ಲಿ ಇಟ್ಕೊಳ್ಳಲಾ?"

"ಇಟ್ಕೋ," ಅಂದಳು ಬೀಜಮ್ಮ. "ಮೊದಲು ಒಣಗಿಸಬೇಕು. ಹಲ್ಲಲ್ಲಿ ಕಚ್ಚಿದ್ರೆ ಕಟ್ ಅನ್ನಬೇಕು, ಅಲ್ಲೀವರೆಗೆ ಒಣಗಿಸಬೇಕು. ಆಮೇಲೇ ಚಳಿಗೆ." ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಅವತ್ತು ಫೋನಿನಲ್ಲಿ ಇಷ್ಟೇ ಹೇಳಬೇಕಿತ್ತು.

ಅಕ್ಕನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಆದರೂ ಬೀಜಮ್ಮ ಮೊಲದ ಕಡೆ ತಿರುಗಿ, ಅದನ್ನೇ ಇನ್ನೊಂದು ಸಲ ಹೇಳಿದಳು.