ಗೊರಕೆ ಹೊಡೆಯುವವರು ನಮ್ಮವರಲ್ಲ

ವಿಮಾನ ನೆಲ ಬಿಟ್ಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಮುಂದಿನ ಸಾಲಿನಿಂದ ಗೊರಕೆ ಶುರುವಾಯಿತು. ಅದು ಸಾಮಾನ್ಯ ಗೊರಕೆಯಲ್ಲ. ಸ್ಟಾರ್ಟ್ ಆಗದ ಹಳೇ ಜೀಪಿನ ಹಾಗೆ ಮೊದಲು ಎರಡು ಸಲ ಕೆಮ್ಮಿ, ಆಮೇಲೆ ಫಸ್ಟ್ ಗೇರಿನಲ್ಲಿ ಘಾಟಿ ಹತ್ತಿ, ತುದಿಯಲ್ಲಿ ಒಂದು ಗಳಿಗೆ ಪೂರ್ತಿ ನಿಂತು, ಕೇಳುವವರ ಉಸಿರೂ ನಿಂತ ಮೇಲೆ ಪುಸ್ಸೆಂದು ಇಳಿಯುವ ಗೊರಕೆ.

ನರ್ಸಮ್ಮನಿಗೆ ಅದರ ಒಂದೊಂದು ತಿರುವೂ ಬಾಯಿಪಾಠ. ಮೂವತ್ತನಾಲ್ಕು ವರ್ಷದಿಂದ ಅದರ ಪಕ್ಕದಲ್ಲೇ ಮಲಗಿದವಳು. ಹೆರಿಗೆ ವಾರ್ಡಿನ ಹೆಡ್ ನರ್ಸ್ ಆಗಿ ಹೋದ ತಿಂಗಳಷ್ಟೇ ನಿವೃತ್ತಳಾಗಿದ್ದಳು. ಗಂಡ ಡ್ರೈವಿಂಗ್ ಸ್ಕೂಲ್ ನಡೆಸುವವರು. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಹೇಳಿಕೊಟ್ಟು ಎಲ್ಲರ ಬಾಯಲ್ಲೂ ಮೇಷ್ಟ್ರು ಆದವರು. ಮದುವೆಯಾದ ವರ್ಷ "ಮುಂದಿನ ವರ್ಷ ಯುರೋಪಿಗೆ ಕರ್ಕೊಂಡು ಹೋಗ್ತೀನಿ" ಅಂದಿದ್ದರು. ಆ ಮುಂದಿನ ವರ್ಷ ಈಗ ಬಂದಿತ್ತು. ಟೂರಿನವರು ಎಲ್ಲೆಲ್ಲಿಂದಲೋ ಬಂದ ಇಪ್ಪತ್ತು ಜನರನ್ನು ಒಟ್ಟು ಮಾಡಿ ವಿಮಾನ ಹತ್ತಿಸುವ ಗಡಿಬಿಡಿಯಲ್ಲಿ ಗಂಡನಿಗೆ ಮುಂದಿನ ಸಾಲು, ಹೆಂಡತಿಗೆ ಹಿಂದಿನ ಸಾಲು ಸಿಕ್ಕಿತ್ತು.

ನರ್ಸಮ್ಮನ ಪಕ್ಕದಲ್ಲಿ ಕೂತವರು ಅದೇ ಗುಂಪಿನ ಒಬ್ಬ ದಪ್ಪ ಕನ್ನಡಕದ ಹೆಂಗಸು. ಮದುವೆ ಬ್ಯೂರೋ ನಡೆಸುವವರು. ಬೆಲ್ಟ್ ಬಿಗಿಯುವ ಮೊದಲೇ ತಮ್ಮ ಜಾತಕ ಬಿಚ್ಚಿಟ್ಟಿದ್ದರು: ಇಪ್ಪತ್ತೆಂಟು ವರ್ಷದ ಸರ್ವೀಸು, ನಾನೂರು ಮದುವೆ, ಒಂದೂ ಮುರಿದಿಲ್ಲ.

"ಯಾರ್ರೀ ಈ ಮಹಾನುಭಾವ?" ಎಂದರು ಬ್ಯೂರೋ ಅಮ್ಮ, ಮುಂದಿನ ಸೀಟಿನತ್ತ ಗದ್ದ ಎತ್ತಿ. "ಹನ್ನೊಂದು ಗಂಟೆ ಹೊತ್ತು ಇದನ್ನ ಕೇಳ್ಬೇಕಾ? ಇವರನ್ನ ಕಟ್ಕೊಂಡೋಳ ಗತಿ ನೆನೆಸ್ಕೊಳ್ಳಿ!"

"ನಮ್ಮೋರೇ" ಅನ್ನಲು ನರ್ಸಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಗೊರಕೆ ಘಾಟಿಯ ತುದಿಯಲ್ಲಿ ಗಕ್ಕನೆ ನಿಂತಿತು. ಸುತ್ತಲಿನ ಹತ್ತು ತಲೆಗಳು ಒಟ್ಟಿಗೇ ತಿರುಗಿದವು.

"ಹೌದು, ಪಾಪ. ಯಾವ ಪುಣ್ಯಾತ್ಗಿತ್ತಿನೋ!" ಎಂದುಬಿಟ್ಟಳು.

"ನೀವು ಒಬ್ರೇನಾ ಬಂದಿರೋದು?"

"ಹೂಂ. ಒಬ್ಳೇ."

ಬ್ಯೂರೋ ಅಮ್ಮ ಮರುಗಿ, ತಮ್ಮ ದಿಂಬನ್ನೂ ಅವಳ ಬೆನ್ನಿಗೆ ಇಟ್ಟುಕೊಟ್ಟರು. ಎರಡು ದಿಂಬಿಗೆ ಒರಗಿ ಕೂತ ನರ್ಸಮ್ಮನಿಗೆ ಪಶ್ಚಾತ್ತಾಪವಾಗಬೇಕಿತ್ತು, ಆಗಲಿಲ್ಲ. ಬಿಪಿ ಮಾತ್ರೆ ಎಲ್ಲಿ, ಕರ್ಚೀಫ್ ಎಲ್ಲಿ ಅಂತ ಯಾರೂ ಕೇಳದ ಒಂದು ಗಂಟೆ ಕಳೆದು ಎಷ್ಟು ವರ್ಷವಾಗಿತ್ತೋ! ಕಿಟಕಿಯಾಚೆ ಮೋಡಗಳು ಹಿಂಜಿದ ಹತ್ತಿಯ ಹಾಗೆ ಬಿದ್ದುಕೊಂಡಿದ್ದವು. ಊಟದ ತಟ್ಟೆ ಬಂದರೂ ಮುಂದಿನ ಸೀಟಿನವರಿಗೆ ಖಾರವೋ ಸಪ್ಪೆಯೋ ಎಂದು ಅವಳು ಇಣುಕಿ ನೋಡಲಿಲ್ಲ.

ಆದರೆ ಮೇಷ್ಟ್ರು ಎದ್ದರು. ಎದ್ದವರೇ ಕಣ್ಣುಜ್ಜಿಕೊಂಡು ಹಿಂದೆ ತಿರುಗಿದರು. ಇನ್ನೇನು "ಏನೇ, ನನ್ನ ಕನ್ನಡಕ" ಎನ್ನುವುದರಲ್ಲಿದ್ದರು. ನರ್ಸಮ್ಮ ಬಾಣದ ಹಾಗೆ ಎದ್ದು ಟಾಯ್ಲೆಟ್ಟಿನ ಕಡೆ ನಡೆದಳು. ಹೋಗುವಾಗ ಗಂಡನ ತೋಳಿಗೊಂದು ಚಿವುಟು. ಮೇಷ್ಟ್ರು ತೋಳು ಉಜ್ಜಿಕೊಳ್ಳುತ್ತ ಹಿಂದೆಯೇ ಬಂದು ಪರದೆಯ ಮರೆಯಲ್ಲಿ ನಿಂತರು.

"ನೋಡಿ, ಈಗ ನಾನು ನಿಮ್ಮ ಹೆಂಡ್ತಿ ಅಲ್ಲ," ಎಂದಳು ಪಿಸುದನಿಯಲ್ಲಿ.

"ಯಾವತ್ತಿಂದ?"

"ಎರಡು ಗಂಟೆ ಆಯ್ತು. ನಿಮ್ಮ ಗೊರಕೆಗೆ ವಿಮಾನದಲ್ಲಿರೋರೆಲ್ಲ ಶಾಪ ಹಾಕ್ತಿದ್ದಾರೆ. ಪಕ್ಕದೋರು ಕೇಳಿದ್ರು, ಪರಿಚಯ ಇಲ್ಲ ಅಂದ್ಬಿಟ್ಟೆ."

ಸಿಟ್ಟು ಬರುತ್ತದೆಂದು ಅವಳು ಎಣಿಸಿದ್ದಳು. ಬರಲಿಲ್ಲ. ಮೇಷ್ಟ್ರ ಮೀಸೆಯ ಒಂದು ತುದಿ ಮೇಲಕ್ಕೆ ಹೋಯಿತು. ಹೊಸ ಹುಡುಗರನ್ನು ಮೊದಲ ದಿನವೇ ಸಂತೆಬೀದಿಗೆ ಕರೆದೊಯ್ದು "ಈಗ ರಿವರ್ಸ್ ತಗೊಳ್ಳಪ್ಪ" ಎನ್ನುವಾಗ ಹೋಗುವ ಹಾಗೆ.

"ಹಾಗಾದ್ರೆ ನಾನೂ ಒಬ್ನೇ," ಎಂದು ಕೈ ಮುಗಿದರು. "ನಿಮ್ಮ ಪರಿಚಯ ಆಗಿದ್ದು ಬಹಳ ಸಂತೋಷ, ಮೇಡಂ."

ಬೆಳಕು ಹರಿಯುವಾಗ ವಿಮಾನ ಹತ್ತಿದವರು ಹನ್ನೊಂದು ಗಂಟೆ ಕೂತು ಇಳಿದರೆ, ಆ ಊರಿನಲ್ಲಿ ಇನ್ನೂ ಮಧ್ಯಾಹ್ನ. ಹೋಟೆಲಿನಲ್ಲಿ ರೂಮು ಸಂಜೆ ಆರಕ್ಕೇ ಅಂದರು. ಪೆಟ್ಟಿಗೆಗಳನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಪೇರಿಸಿಟ್ಟು, ಹಳದಿ ಕೊಡೆ ಎತ್ತಿ ಹಿಡಿದ ಗೈಡಿನ ಹಿಂದೆ ಇಪ್ಪತ್ತು ಜನ ಬಾತ ಕಾಲುಗಳನ್ನು ಎಳೆದುಕೊಂಡು ಹೊರಟರು. ಕಲ್ಲು ಹಾಸಿದ ಬೀದಿ. ಒಂದು ಕಲ್ಲು ಎತ್ತರ, ಒಂದು ತಗ್ಗು. ತಲೆಯ ಮೇಲೆ ಬಟ್ಟೆಯಿಲ್ಲದ ಬಟ್ಟೆಹಗ್ಗದ ಹಾಗೆ ಟ್ರಾಮಿನ ತಂತಿಗಳು. ಬಿಸಿಲಿದ್ದ ಕಡೆ ಕುರ್ಚಿ ಹಾಕಿಕೊಂಡು, ಮಾಡಲು ಬೇರೇನೂ ಇಲ್ಲದವರಂತೆ ಬೀದಿಗೆ ಮುಖ ಮಾಡಿ ಕೂತ ಮುದುಕರು.

ಮೇಷ್ಟ್ರು ಇಬ್ಬರು ಹೆಂಗಸರ ಪಕ್ಕಕ್ಕೇ ಬಂದು ಸೇರಿಕೊಂಡರು.

"ಒಬ್ರೇ ಬಂದಿದ್ದೀರಂತೆ ಮೇಡಂ? ಧೈರ್ಯ ಮೆಚ್ಚಬೇಕು."

"ನಿಮ್ಮ ಮನೆಯವರು ಬರಲಿಲ್ವಾ?" ಎಂದು ಬ್ಯೂರೋ ಅಮ್ಮ ನಡುವೆ ಬಾಯಿ ಹಾಕಿದರು. ದನಿಯಲ್ಲಿ ಅರ್ಧ ಪೊಲೀಸು, ಅರ್ಧ ವ್ಯಾಪಾರ.

ಮೇಷ್ಟ್ರು ಮುಖ ಸಣ್ಣದು ಮಾಡಿದರು. "ಜೊತೆಗೇ ಇದ್ಲು. ಮೇಲೆ ಹೋದ್ಲು ನೋಡಿ, ಅಲ್ಲಿಗೆ ನನ್ನ ಅವಳ ಸಂಬಂಧ ಮುಗೀತು."

"ಚು ಚು ಚು. ಏನಾಗಿತ್ತು?"

"ಏನೂ ಇಲ್ಲ. ಗಟ್ಟಿಮುಟ್ಟಾಗೇ ಇದ್ಲು. ನನ್ನ ಸದ್ದು ತಡೀಲಿಲ್ಲ ಅಷ್ಟೇ."

ನರ್ಸಮ್ಮ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿದಳು. ಬದುಕಿರುವ ಹೆಂಡತಿಯನ್ನು ಹಾಡಹಗಲೇ ಸಾಯಿಸಿ ಕಣ್ಣೊರೆಸಿಕೊಳ್ಳುವ ಈ ಮನುಷ್ಯ, ಮನೆಯಲ್ಲಿ ಹಾಲಿನವನಿಗೆ "ಇಲ್ಲ" ಅನ್ನಲೂ ತಡವರಿಸುತ್ತಿದ್ದರಲ್ಲ!

ಹೀಗೆ ಎರಡು ಬೀದಿ ಕಳೆಯಿತು. ಮೂರನೆಯದನ್ನು ದಾಟಬೇಕು. ಮೇಷ್ಟ್ರು ಎಲ್ಲರಿಗಿಂತ ಮುಂದಾಗಿ, ಎದೆ ಸೆಟೆಸಿ, ಬಲಕ್ಕೆ ನೋಡಿದರು. ಮೂವತ್ತು ವರ್ಷ ಊರಿಗೆಲ್ಲ "ಮೊದಲು ಬಲಕ್ಕೆ ನೋಡು" ಎಂದು ಪಾಠ ಹೇಳಿದ ಕತ್ತು ಅದು. ಆ ದೇಶದ ಟ್ರಾಮಿಗೆ ಈ ಪಾಠ ಗೊತ್ತಿರಲಿಲ್ಲ. ಅದು ಎಡದಿಂದ ಬಂತು.

"ರೀ!"

ನರ್ಸಮ್ಮ ಸ್ವೆಟರಿನ ಕಾಲರಿಗೆ ಕೈ ಹಾಕಿ ಜಗ್ಗಿದಳು. ಟ್ರಾಮು ಗಂಟೆ ಬಾರಿಸುತ್ತ ಮೇಷ್ಟ್ರ ಮೂಗಿನ ಮುಂದೆಯೇ ಹಾದುಹೋಯಿತು. ಕಾಲರು ಬಿಡುವಷ್ಟರಲ್ಲಿ ಅವಳಿಗೆ ನಾಟಕ ನೆನಪಾಯಿತು.

"ರೀ ಸ್ವಾಮಿ... ಯಾರೋ ಏನೋ, ನೋಡ್ಕೊಂಡು ನಡೀಬಾರ್ದಾ?"

ಬ್ಯೂರೋ ಅಮ್ಮ ಇವಳನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಚೆನ್ನಾಗಿ ಒರೆಸಿ ಹಾಕಿಕೊಂಡರು.

ನದಿಯ ಮೇಲಿನ ಕಲ್ಲುಸೇತುವೆ ಸಿಕ್ಕಿದಾಗ ಗುಂಪು ಚದುರಿ ಫೋಟೋ ತೆಗೆಯಲು ನಿಂತಿತು. ಬ್ಯೂರೋ ಅಮ್ಮ ನರ್ಸಮ್ಮನನ್ನು ಸೇತುವೆಯ ಈಚೆಯ ಬೆಂಚಿಗೆ ಕರೆದೊಯ್ದರು.

"ಬೇಜಾರ್ ಮಾಡ್ಕೋಬೇಡಿ. ನೀವೂ ಒಂಟಿ, ಅವರೂ ಒಂಟಿ. ಈ ವಯಸ್ಸಲ್ಲಿ ಒಂದು ಆಸರೆ ಬೇಕು. ನಿಮಗೆ ಎಂಥವರಾದ್ರೆ ಆಗುತ್ತೆ, ಬಾಯಿ ಬಿಟ್ಟು ಹೇಳಿ."

ನರ್ಸಮ್ಮನಿಗೆ ಮಜಾ ಹತ್ತಿತ್ತು. "ಹೇಳಿದ ಮಾತು ಒಂದೇ ಸಲಕ್ಕೆ ಕಿವಿಗೆ ಬೀಳ್ಬೇಕು. ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕಬಾರ್ದು. ನಾನು ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ನಿಂತು 'ನಿಧಾನ, ನಿಧಾನ' ಅನ್ನಬಾರ್ದು." ಸ್ವಲ್ಪ ತಡೆದು, "ಹಾಗಂತ ತೀರಾ ಮೂಕಬಸವನೂ ಬೇಡ. ಮನೆ ಬಣಗುಡುತ್ತೆ," ಎಂದಳು.

"ಇರಿ, ಈಗಲೇ ಕೇಳ್ಕೊಂಡು ಬರ್ತೀನಿ," ಎಂದು ಬ್ಯೂರೋ ಅಮ್ಮ ಎದ್ದೇಬಿಟ್ಟರು.

ಸೇತುವೆಯ ನಡುವೆ ಮೇಷ್ಟ್ರು ಕಟ್ಟೆಗೆ ಒರಗಿ ನೀರು ನೋಡುತ್ತಿದ್ದರು. ಬ್ಯೂರೋ ಅಮ್ಮ ಕೈ ತೋರಿಸಿ ಏನೋ ಕೇಳುವುದು ಕಂಡಿತು. ಮೇಷ್ಟ್ರು ಇಲ್ಲ ಎಂಬಂತೆ ತಲೆ ಆಡಿಸಿದರು. ಮತ್ತೆ ಕೇಳಿದರು, ಮತ್ತೆ ಆಡಿಸಿದರು. ಬೆಂಚಿನ ಮೇಲೆ ಕೂತ ನರ್ಸಮ್ಮನ ಎದೆ, ಅವಳಿಗೇ ನಾಚಿಕೆಯಾಗುವಷ್ಟು, ಡವಡವ ಎನ್ನತೊಡಗಿತು.

ಬ್ಯೂರೋ ಅಮ್ಮ ಜೋಲುಮುಖ ಹಾಕಿಕೊಂಡು ಬಂದರು.

"ಬೇಡವಂತೆ."

"ಏನು ಬೇಡವಂತೆ?"

"ನೀವು."

"ನಾನಾ?"

"ನಾನೇನು ಮಾಡ್ಲಿ? ಜೋರು ಜಾಸ್ತಿ ಅಂದ್ರು. ವಯಸ್ಸೂ ಆಗಿದೆ ಅಂದ್ರು. ನಡಿಗೆ ಬಾತುಕೋಳಿ ಥರ ಅಂದ್ರು."

ಆಮೇಲೆ ಏನಾಯಿತೆಂದು ನರ್ಸಮ್ಮನಿಗೂ ಸರಿಯಾಗಿ ನೆನಪಿಲ್ಲ. ಎದ್ದಿದ್ದಷ್ಟೇ ಗೊತ್ತು. ಸೇತುವೆಯ ಮೇಲೆ ಕಾಳು ಹೆಕ್ಕುತ್ತಿದ್ದ ಪಾರಿವಾಳಗಳು ಭರ್ರನೆ ಹಾರಿದವು.

"ನಾನು ಬೇಡ್ವಾ ನಿಮ್ಗೆ? ಮೂವತ್ತನಾಲ್ಕು ವರ್ಷ ನಿಮ್ಮ ಒದ್ದೆ ಟವೆಲ್ ಎತ್ತಿ ಹಾಕಿದೋಳು ಬೇಡ್ವಾ? ಡಬಲ್ ಡ್ಯೂಟಿ ಮುಗಿಸಿ ಬಂದು ನಿಮ್ಮ ಅಮ್ಮನ ಕಾಲು ಒತ್ತಿದೋಳು ಬಾತುಕೋಳಿನಾ? ಹೇಳ್ರೀ! ತಾಳಿ ಕಟ್ಟುವಾಗ ಕಣ್ಣು ಎಲ್ಲಿಟ್ಟಿದ್ರಿ?"

ಫೋಟೋ ತೆಗೆಯುತ್ತಿದ್ದವರೆಲ್ಲ ನದಿ ಬಿಟ್ಟು ಇತ್ತ ತಿರುಗಿದರು. ಮೇಷ್ಟ್ರು ಕಟ್ಟೆಗೆ ಇನ್ನಷ್ಟು ಅಂಟಿಕೊಂಡರು.

"ಯಾವ ಬಾತುಕೋಳಿನೇ? ನಾನೇನಂದೆ?"

"ನನ್ನನ್ನ ಬೇಡ ಅಂದ್ರಂತಲ್ಲ!"

"ಅಯ್ಯೋ ಮಾರಾಯ್ತಿ, ಅವರು ಬಂದು ಈ ಹೊಳೆ ಎಷ್ಟು ಆಳ ಇರ್ಬೋದು ಅಂದ್ರು. ಗೊತ್ತಿಲ್ಲ ಅಂದೆ. ಮೀನಿದ್ಯಾ ಅಂದ್ರು. ಅದೂ ಗೊತ್ತಿಲ್ಲ ಅಂದೆ. ಅಷ್ಟೇ ಕಣೇ!"

ನರ್ಸಮ್ಮ ನಿಂತಲ್ಲೇ ತಿರುಗಿದಳು. ಬ್ಯೂರೋ ಅಮ್ಮ ಕೈ ಕಟ್ಟಿಕೊಂಡು ಆರಾಮಾಗಿ ನಡೆದು ಬರುತ್ತಿದ್ದರು.

"ಬೇರೆಯವರ ಗಂಡನ್ನ ಕರೆಯೋ 'ರೀ' ನಂಗೆ ಗೊತ್ತಿಲ್ವಾ?" ಎಂದರು. "ಅದು ನಾಲಿಗೆ ತುದಿಯಿಂದ ಬರುತ್ತೆ. ಟ್ರಾಮ್ ಬಂದಾಗ ನಿಮ್ಮದು ಹೊಟ್ಟೆಯೊಳಗಿಂದ ಬಂತು. ನಾನೂರು ಜೋಡಿ ಮಾಡಿದೋಳ ಕಿವಿಗೆ ಹೂವು ಇಡ್ತೀರಾ?"

ನರ್ಸಮ್ಮನ ಮುಖ ಬಿಳಿಚಿ, ಆಮೇಲೆ ಕೆಂಪಾಗಿ, ಕೊನೆಗೆ ತಡೆಯಲಾರದೆ ನಗು ಬಂತು. "ತಪ್ಪಾಯ್ತು ಅಮ್ಮ. ಗೊರಕೆಗೆ ನಾಚ್ಕೊಂಡು ಬಾಯಿ ತಪ್ಪಿ ಹೇಳ್ಬಿಟ್ಟೆ."

"ತಪ್ಪಾಯ್ತು ಅಂದ್ರೆ ಆಯ್ತಾ? ದಿಂಬಿಲ್ದೆ ಹನ್ನೊಂದು ಗಂಟೆ ಕೂತು ನನ್ನ ಸೊಂಟ ಹಿಡ್ಕೊಂಡಿದೆ. ಇವರಂತೂ ಹೆಂಡ್ತಿನ ಮೇಲಕ್ಕೇ ಕಳಿಸ್ಬಿಟ್ರು!" ಬ್ಯೂರೋ ಅಮ್ಮ ಗದರಿದರು. ಗದರುವಾಗಲೇ ಅವರ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು.

ಈ ಪಂಚಾಯ್ತಿ ಮುಗಿಯುವ ಹೊತ್ತಿಗೆ ಸೇತುವೆಯ ಮೇಲೆ ಗುಂಪೂ ಇಲ್ಲ, ಹಳದಿ ಕೊಡೆಯೂ ಇಲ್ಲ. ಗೊತ್ತಿಲ್ಲದ ಊರು, ಓದಲು ಬಾರದ ಬೋರ್ಡುಗಳು.

ಮೇಷ್ಟ್ರಿಗೆ ಹುರುಪು ಬಂತು. "ಗಾಬರಿ ಬೇಡ. ದಾರಿ ವಿಷಯ ನಂಗೆ ಬಿಡಿ. ನನ್ನ ಹಿಂದೆ ಬನ್ನಿ," ಎಂದು ಕೈ ಚಾಚಿ, ಎಡಕ್ಕೆ ತಿರುಗುವ ಸಿಗ್ನಲ್ ಕೊಟ್ಟು, ಹಿಂದೆ ನೋಡದೆ ದಾಪುಗಾಲು ಹಾಕಿದರು.

ಬ್ಯೂರೋ ಅಮ್ಮ ನರ್ಸಮ್ಮನ ತೋಳಿಗೆ ತೋಳು ಸೇರಿಸಿ ಬೆಂಚಿನ ಕಡೆ ಕರೆದೊಯ್ದರು. "ಕೊಡೆ ಬಲಕ್ಕೆ ಹೋಗಿದ್ದನ್ನ ನಾನು ನೋಡಿದೀನಿ. ಕರೆಯೋಣ್ವಾ ಅವರನ್ನ?"

ದೂರದ ಮೂಲೆಯಲ್ಲಿ ಮೇಷ್ಟ್ರು ನಿಂತು, ಹಿಂದೆ ಯಾರೋ ಇದ್ದಾರೆಂದುಕೊಂಡು, ಆ ಗೋಪುರ ಈ ಬೀದಿ ಎಂದು ಕೈ ಬೀಸಿ ವಿವರಿಸುತ್ತಿದ್ದರು. ನರ್ಸಮ್ಮ ಅವರನ್ನು ನೋಡಿದಳು. ಬೆಂಚಿನ ಮೇಲೆ ಬಿದ್ದ ಬಿಸಿಲನ್ನೂ ನೋಡಿದಳು.

"ಕರೆಯೋಣ," ಎಂದಳು ಕೂರುತ್ತ. "ಒಂದೈದು ನಿಮಿಷ ಬಿಟ್ಟು."